ಪಿಂಚಣಿಯ ಸಾಲಿನಲ್ಲಿ

ನಿವೃತ್ತನಾದವನಿಗೆ ಹೊತ್ತು ಹೇಗೆ ಹೋಗುತ್ತದೆಂದು ಹಳೆಯ ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು. ಹೊತ್ತು ಹೋಗುವುದೇನೂ ಕಷ್ಟವಲ್ಲ. ಬೆಳಿಗ್ಗೆ ಪತ್ರಿಕೆ, ಸಂಜೆ ಪಾರ್ಕಿನ ಕಲ್ಲುಬೆಂಚು. ಅಲ್ಲಿ ಕೂಡುವ ನಾವು ಐದಾರು ಮಂದಿ ನಿವೃತ್ತರು ರಾಜಕೀಯದಿಂದ ಮೊದಲುಗೊಂಡು ಮಂಡಿನೋವಿನವರೆಗೆ ಎಲ್ಲವನ್ನೂ ಚರ್ಚಿಸುತ್ತೇವೆ. ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುವುದು ತುಟ್ಟಿಭತ್ಯೆಯಲ್ಲಿಯೇ.

ಕಳೆದ ನವೆಂಬರಿನಲ್ಲಿ ನಾನಿನ್ನೂ ಬದುಕಿದ್ದೇನೆಂಬ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಮುದುಕಿ ನಿಂತಿದ್ದಳು. ವೃದ್ಧಾಪ್ಯ ವೇತನ ಪಡೆಯಲು ಬಂದವಳು. ಎಷ್ಟು ಸಲ ಒತ್ತಿದರೂ ಅವಳ ಹೆಬ್ಬೆರಳಿನ ಗುರುತು ಯಂತ್ರಕ್ಕೆ ಹತ್ತಲಿಲ್ಲ. ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದುವು. “ನಾಳೆ ಬಾಮ್ಮ” ಎಂದರು. ಅವಳು ನನ್ನ ಗುರುತು ಹಿಡಿದು, “ನಿಮ್ಮ ಕಾಲೇಜಿನ ಮಹಡಿ ಕಟ್ಟುವಾಗ ಗಾರೆ ಹೊತ್ತವಳು ನಾನು, ಸ್ವಾಮಿ” ಎಂದಳು. ಆ ಮಹಡಿಯ ಕೊಠಡಿಯಲ್ಲಿಯೇ ನಾನು ಬಹುಕಾಲ ಅರ್ಥಶಾಸ್ತ್ರ ಪಾಠ ಹೇಳಿದ್ದು!

ಅಂದಿನಿಂದ ನನ್ನ ಪಿಂಚಣಿಯನ್ನೂ ಅವಳದನ್ನೂ ಜೊತೆಗಿಟ್ಟು ನೋಡುವುದು ಅಭ್ಯಾಸವಾಗಿದೆ. ಮೊತ್ತದ ಅಂತರ ಹಾಗಿರಲಿ; ಅದು ಎಲ್ಲರಿಗೂ ಕಾಣುವಂಥದು. ನನಗೆ ಹೆಚ್ಚು ವಿಚಿತ್ರವಾಗಿ ತೋರಿದ್ದು ಬೇರೆ. ಬೆಲೆ ಏರಿದರೆ ನನ್ನ ಪಿಂಚಣಿಯೂ ಏರಬೇಕೆಂಬ ನಿಯಮವುಂಟು. ವರ್ಷಕ್ಕೆರಡು ಬಾರಿ ಲೆಕ್ಕ ಹಾಕುತ್ತಾರೆ. ಅವಳಿಗೆ ಅಂಥ ನಿಯಮವಿಲ್ಲ. ವೃದ್ಧಾಪ್ಯ ವೇತನಕ್ಕೆ ಕೇಂದ್ರ ಸರ್ಕಾರ 1995ರಲ್ಲಿ ಕೊಡತೊಡಗಿದ್ದು ತಿಂಗಳಿಗೆ 75 ರೂಪಾಯಿ. 2007ರಲ್ಲಿ ಅದು 200 ರೂಪಾಯಿಯಾಗಿತ್ತು. ಎಂಬತ್ತು ತುಂಬದವರಿಗೆ 2024ರಲ್ಲಿಯೂ ಅದೇ 200! ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ 400 ರೂಪಾಯಿಯಿಂದ ಆರಂಭವಾಗಿ 2024ರ ವೇಳೆಗೆ 1,200ಕ್ಕೆ ಬಂದಿತ್ತು. ಏರಲಿಲ್ಲವೆಂದು ಹೇಳಲಾರೆ. ಆದರೆ ಏರಿದ್ದು ಆಳುವವರ ಮನಸ್ಸು ಬಂದಾಗ, ಅಂಗಡಿಯಲ್ಲಿ ಬೇಳೆಯ ಬೆಲೆ ಏರಿದಾಗಲ್ಲ. ಬೇಳೆಯ ಅಂಗಡಿ ಮಾತ್ರ ನಮ್ಮಿಬ್ಬರಿಗೂ ಒಂದೇ.

1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ನಕಾರ ಅವರ ಮೊಕದ್ದಮೆಯಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಿತು: ಪಿಂಚಣಿಯು ಸರ್ಕಾರದ ಕೃಪೆಯಲ್ಲ, ದುಡಿದವನ ಹಕ್ಕು. ಆ ದಿನವನ್ನು ನಾವು ನಿವೃತ್ತರು ಪಿಂಚಣಿದಾರರ ದಿನವೆಂದು ಆಚರಿಸುತ್ತೇವೆ. ಹಾರ, ಭಾಷಣ, ಉಪ್ಪಿಟ್ಟು ಎಲ್ಲವೂ ಇರುತ್ತವೆ. ಆದರೆ ದುಡಿಮೆ ಎಂಬುದು ಹಾಜರಿ ಪುಸ್ತಕದಲ್ಲಿ ರುಜು ಹಾಕಿದವರದು ಮಾತ್ರವೆ? ಗಾರೆ ಹೊತ್ತದ್ದು ದುಡಿಮೆಯಲ್ಲವೆ? ವೃದ್ಧಾಪ್ಯದಲ್ಲಿ ನೆರವು ಪಡೆಯುವ ಹಕ್ಕನ್ನು ಪ್ರಭುತ್ವವು ತನ್ನ ಶಕ್ತಿಯಿದ್ದಷ್ಟು ನಡೆಸಿಕೊಡಬೇಕೆಂದು ಸಂವಿಧಾನದ 41ನೆಯ ಅನುಚ್ಛೇದ ಹೇಳುತ್ತದೆ. ಅಲ್ಲಿ ನೌಕರ, ಕೂಲಿ ಎಂಬ ಭೇದವಿಲ್ಲ.

“ಅವಳು ಸರ್ಕಾರಕ್ಕೆ ಏನು ಕಟ್ಟಿದ್ದಾಳೆ?” ಎಂದು ಬೆಂಚಿನ ಮಿತ್ರರೊಬ್ಬರು ಆಕ್ಷೇಪಿಸಿದರು. ಸೋಪಿಗೆ, ಬೆಂಕಿಪೆಟ್ಟಿಗೆಗೆ, ಮಕ್ಕಳ ಬಟ್ಟೆಗೆ ಅವಳೂ ತೆರಿಗೆ ಕೊಟ್ಟಿದ್ದಾಳೆ. ರಸೀತಿ ಮಾತ್ರ ಇಟ್ಟುಕೊಂಡಿಲ್ಲ. “ಹಣವೆಲ್ಲಿಂದ ಬರಬೇಕು?” ಎಂದರು ಇನ್ನೊಬ್ಬರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮ್ಮ ತುಟ್ಟಿಭತ್ಯೆ ತಡವಾದಾಗ ನಮ್ಮಲ್ಲಿ ಯಾರೂ ಈ ಪ್ರಶ್ನೆಯನ್ನು ಎತ್ತಿದ್ದು ನನಗೆ ನೆನಪಿಲ್ಲ.

ಇದನ್ನು ಪರರನ್ನು ದೂರಲು ಬರೆಯುತ್ತಿಲ್ಲ. ನಮ್ಮ ಬೇಡಿಕೆಯ ಮನವಿಗಳಿಗೆಲ್ಲ ನಾನು ಮರುಮಾತಿಲ್ಲದೆ ರುಜು ಹಾಕಿದವನು. ಅವಳ ಪರವಾಗಿ ಒಂದು ಮನವಿ ಬರೆಯಬೇಕೆಂದು ಸೇವೆಯಲ್ಲಿದ್ದಷ್ಟು ಕಾಲವೂ ನನಗೆ ತೋಚಲಿಲ್ಲ. ಸಮತೆಯನ್ನು ಕುರಿತು ಪಾಠ ಹೇಳುವುದು ಸುಲಭ. ನಮಗೆ ದೊರೆತದ್ದು ಪಕ್ಕದವರಿಗೆ ದೊರೆತಿದೆಯೇ ಎಂದು ತಿರುಗಿ ನೋಡುವುದು ಕಷ್ಟ.

ವಿದ್ಯಾರ್ಥಿ ಮಿತ್ರರೇ, ನೀವು ಇಂದಲ್ಲ ನಾಳೆ ಮತದಾರರಾಗುವಿರಿ. ಓಟು ಕೇಳಲು ಬಂದವರು “ಇಷ್ಟು ಕೊಡುತ್ತೇವೆ” ಎಂದರೆ ಅಷ್ಟಕ್ಕೇ ತೃಪ್ತರಾಗಬೇಡಿ. “ಬೆಲೆ ಏರಿದಾಗ ತಾನಾಗಿ ಏರುವಂತೆ ನಿಯಮ ಮಾಡುತ್ತೀರಾ?” ಎಂದು ಕೇಳಿರಿ. ಅದಕ್ಕೂ ಮೊದಲು, ಬಿಡುವಾದಾಗ ಬ್ಯಾಂಕಿನ ಸಾಲಿನಲ್ಲಿ ಅಂಥ ಒಬ್ಬಳ ಜೊತೆಗೆ ಅರ್ಧ ಗಂಟೆ ನಿಲ್ಲಿರಿ. ಆ ಮುದುಕಿ ಮಾರನೆಯ ದಿನವೂ ಬಂದಿದ್ದಳು. ಮೂರನೆಯ ಸಲ ಒತ್ತಿದಾಗ ಗುರುತು ಹತ್ತಿತು.