ಮನೆಮಂದಿಗೆಲ್ಲ ಒಂದು ತೆನೆ

ಎಳ್ಳಮಾವಾಸ್ಯೆ ಬಂತೆಂದರೆ ಶಲವಡಿಯ ಎರೆಹೊಲಗಳತ್ತ ಚಕ್ಕಡಿ, ಟ್ರ್ಯಾಕ್ಟರುಗಳು ಹೊರಡುತ್ತವೆ. ನಿಂತ ಜೋಳ, ಕಡಲೆಯ ನಡುವೆ ಚರಗ ಚೆಲ್ಲಿದ ಮೇಲೆಯೇ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಊಟ. ಭೂಮಿತಾಯಿಗೆ ಮೊದಲ ತುತ್ತು, ಆಮೇಲೆ ಮನೆಯವರಿಗೆ. ಇದನ್ನು ಬಲ್ಲ ಮಕ್ಕಳಿಗೆ ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರ ‘ಮೊಂತಿ ಫೆಸ್ತ್’ ತೀರ ಹೊಸದೆನಿಸಲಾರದು.

ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಳ ಹುಟ್ಟುಹಬ್ಬ. ಬೆಟ್ಟ ಎಂಬರ್ಥದ ಪೋರ್ಚುಗೀಸ್ ‘ಮೊಂತೆ’ಯಿಂದ ಈ ಹೆಸರು ಬಂದಿದೆ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಚರ್ಚಿಗೆ ಹೂ ಒಯ್ದು ಮರಿಯಳ ಮೂರ್ತಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಹಂಚುತ್ತಾರೆ; ಮಕ್ಕಳ ಕೈಗೆ ಕಬ್ಬು. ಮನೆಯಲ್ಲಿ ಕಾಳು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯಾದ ಮೇಲೆ ಹಿರಿಯರು ಒಬ್ಬೊಬ್ಬರಿಗೂ ಕೊಡುತ್ತಾರೆ. ಆಮೇಲೆ ಬಾಳೆ ಎಲೆಯ ಊಟ. ಮೀನು-ಮಾಂಸ ಇಷ್ಟಪಡುವ ಈ ಮನೆಗಳಲ್ಲಿ ಅಂದು ಪೂರ್ತಿ ಸಸ್ಯಾಹಾರ! ಪದಾರ್ಥಗಳು ಐದೋ, ಏಳೋ, ಒಂಬತ್ತೋ, ಲೆಕ್ಕ ಬೆಸವಾಗಿರಬೇಕು.

ಯಾವ ಪದಾರ್ಥ? ಮಳೆಗಾಲದ ಕೊನೆಗೆ ಹಿತ್ತಲಲ್ಲಿ ಸಿಗುವವು: ಬೆಂಡೆ, ಹೀರೆ, ಸೌತೆ, ಹರಿವೆ ದಂಟು, ಕೆಸುವಿನ ಎಲೆ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುವುದರಿಂದ ಗಂಟಲು ತುರಿಸುತ್ತದೆ. ಹುಳಿ ಅಮಟೆಕಾಯಿ ಹಾಕಿ ಚೆನ್ನಾಗಿ ಬೇಯಿಸುವ ಅಜ್ಜಿಗೆ ಹರಳಿನ ಹೆಸರು ಗೊತ್ತಿರಲಿಕ್ಕಿಲ್ಲ, ಉಪಾಯ ಗೊತ್ತು.

ಇನ್ನೊಂದು ಸ್ವಾರಸ್ಯವಿದೆ. ಎಳ್ಳಮಾವಾಸ್ಯೆಯದು ಚಂದ್ರನ ಲೆಕ್ಕ. ಮೊಂತಿ ಹಬ್ಬದ ತಾರೀಖು ಕದಲದು. ಆದರೆ ಭತ್ತ ತಾರೀಖು ನೋಡಿ ಬೆಳೆಯುವುದಿಲ್ಲವಲ್ಲ! ಹೂ ಬಿಟ್ಟ ಮೇಲೆ ಕಾಳು ಬಲಿಯಲು ಸುಮಾರು 30 ದಿನ ಬೇಕು. ಮುಂಗಾರು ತಡವಾದರೆ ಸೆಪ್ಟೆಂಬರ್ 8ಕ್ಕೆ ಸಿಗುವುದು ಹಾಲುಗಾಳಿನ ಹಸಿರು ತೆನೆ. ಅದೂ ನಡೆಯುತ್ತದೆ.

ಗದ್ದೆಯೇ ಇಲ್ಲದಿದ್ದರೆ? ಮಂಗಳೂರಿನ ಸುತ್ತ ಎಷ್ಟೋ ಗದ್ದೆಗಳು ನಿವೇಶನಗಳಾಗಿವೆ. ಸ್ವಂತ ಗದ್ದೆಯ ತೆನೆ ತರುತ್ತಿದ್ದ ಕುಟುಂಬಗಳು ಈಗ ಚರ್ಚಿನಲ್ಲಿ ಕೊಟ್ಟ ತೆನೆಯನ್ನೇ ನೆಚ್ಚಿಕೊಂಡಿವೆ. ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇರುತ್ತಾರೆ. ಬೆಂಡೆ, ಹೀರೆ ಅಲ್ಲಿಯ ಅಂಗಡಿಯಲ್ಲೂ ಸಿಕ್ಕೀತು. ಊರಿನ ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಕಾಳು ಸಿಗದು. ಅದಕ್ಕೇ ಕೆಲವು ತಾಯಂದಿರು ನಾಲ್ಕು ಕಾಳನ್ನು ಕಾಗದದಲ್ಲಿ ಮಡಚಿ, ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವುದುಂಟು. ಹಸಿ ಕಾಳಾದರೆ ದಾರಿಯಲ್ಲೇ ಬೂಷ್ಟು ಹಿಡಿದೀತು. ತೇವಾಂಶ ಶೇ. 14ಕ್ಕಿಂತ ಕೆಳಗಿಳಿಯುವಂತೆ ಬಿಸಿಲಿಗಿಟ್ಟು ಒಣಗಿಸಿಯೇ ಕಳಿಸಬೇಕು.