ಕೆಸರು ಗದ್ದೆಯ ಯಂತ್ರಕ್ಕೆ ಸಂಜೆಯೇ ಗ್ರೀಸು

ರೋಟವೇಟರಿನ ಬೇರಿಂಗಿಗೆ ಗ್ರೀಸು ಹಾಕುವ ವಿಷಯ ಯಂತ್ರ ತಜ್ಞರಿಗೆ ಸೇರಿದ್ದು, ಬೇಸಾಯ ಶಾಸ್ತ್ರದವರಿಗೇಕೆ ಎಂದು ರೈತ ಬಾಂಧವರು ಕೇಳಬಹುದು. ಕಾರಣ ಸಸಿಮಡಿಯಲ್ಲಿದೆ. ಭದ್ರಾ ಅಚ್ಚುಕಟ್ಟಿನಲ್ಲಿ ನಾಲೆಗೆ ನೀರು ಬಂತೆಂದರೆ ಎಲ್ಲರ ಗದ್ದೆಯೂ ಒಟ್ಟಿಗೇ ಕೆಸರಾಗಬೇಕು. ಮಧ್ಯಮಾವಧಿ ಭತ್ತದ ಸಸಿ 21ರಿಂದ 25 ದಿನಕ್ಕೆ ನಾಟಿಗೆ ಸಿದ್ಧ. ಆ ವೇಳೆಗೆ ಬೇರಿಂಗ್ ಒಡೆದು ಯಂತ್ರ ವಾರಗಟ್ಟಲೆ ನಿಂತರೆ ಸಸಿ ಬಲಿಯುತ್ತದೆ, ತೆಂಡೆ ಕಡಿಮೆಯಾಗುತ್ತದೆ. ಆಮೇಲೆ ಎಷ್ಟು ಯೂರಿಯಾ ಸುರಿದರೂ ಆ ನಷ್ಟ ತುಂಬದು.

ನಮ್ಮಲ್ಲಿ ಗ್ರೀಸು ಹಾಕುವವರೂ ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಮುನ್ನ ಹಾಕುತ್ತಾರೆ. ಒಣ ಭೂಮಿಗೆ ಇದು ಸಾಕು. ಕೆಸರು ಗದ್ದೆಗೆ ಸಾಲದೆಂಬುದು ನನ್ನ ಅಭಿಪ್ರಾಯ. ಅಲಗುಗಳ ದಂಡವನ್ನು ಹೊತ್ತ ಬೇರಿಂಗ್ ದಿನವಿಡೀ ತಿರುಗಿ ಬಿಸಿಯಾಗಿರುತ್ತದೆ. ತಣಿಯುವಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿನಿಂದ ನೀರನ್ನು ಒಳಕ್ಕೆ ಎಳೆಯುತ್ತದೆ. ಆ ನೀರು ರಾತ್ರಿಯಿಡೀ ನಿಂತು ಬೇರಿಂಗಿನ ಗುಂಡುಗಳ ಮೇಲೆ ತುಕ್ಕಿನ ಚುಕ್ಕೆ ಬೀಳಿಸುತ್ತದೆ. ಮರುದಿನ ಬೆಳಿಗ್ಗೆ ಹಾಕಿದ ಗ್ರೀಸು ಆ ಚುಕ್ಕೆಯನ್ನು ಅಳಿಸಲಾರದು.

ಆದುದರಿಂದ ಗದ್ದೆಯಿಂದ ಹೊರಬಂದ ಕೂಡಲೇ ಇಂಜಿನ್ ನಿಲ್ಲಿಸಿ, ರೋಟವೇಟರನ್ನು ಮರದ ದಿಮ್ಮಿಯ ಮೇಲೆ ಇಳಿಸಿ, ಬೇರಿಂಗ್ ಬೆಚ್ಚಗಿರುವಾಗಲೇ ಗ್ರೀಸು ಹಾಕಬೇಕು. ದಂಡಕ್ಕೆ ಸುತ್ತಿಕೊಂಡ ಹುಲ್ಲು, ತಂತಿ, ಪ್ಲಾಸ್ಟಿಕ್ ದಾರವನ್ನು ಮೊದಲು ಕತ್ತರಿಸಿ ತೆಗೆಯಿರಿ. ಸೀಲನ್ನು ಕೊಯ್ಯುವುದು ಅವೇ. ನಿಪ್ಪಲನ್ನು ಒರೆಸದೆ ಗನ್ ಹಚ್ಚಿದರೆ ಕೆಸರನ್ನೇ ಒಳಗೆ ತಳ್ಳಿದಂತೆ. ಹಳೆಯ ಗ್ರೀಸು ಅಂಚಿನಲ್ಲಿ ಇಣುಕಿದೊಡನೆ ನಿಲ್ಲಿಸಿರಿ, ಇಲ್ಲವಾದರೆ ಒತ್ತಡಕ್ಕೆ ಸೀಲೇ ಹೊರಬಿದ್ದೀತು. ಕೆಲವು ಮಾದರಿಗಳಲ್ಲಿ ಈ ಬೇರಿಂಗ್ ಎಣ್ಣೆಯಲ್ಲಿ ಓಡುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದೇ ತಿಳಿಯಿರಿ.

ಇಷ್ಟಕ್ಕೆ ಕಾಲು ಗಂಟೆ ಸಾಕು. ಆದರೆ ಆ ಕಾಲು ಗಂಟೆ ಯಾರದು? ಬಾಡಿಗೆ ಗಂಟೆಯ ಲೆಕ್ಕ. ಡ್ರೈವರಿಗೆ ಮುಂದಿನ ಗದ್ದೆಯ ಅವಸರ. ಬಾಡಿಗೆಗೆ ತಂದ ರೈತರೇ ಅದನ್ನೂ ಬಾಡಿಗೆಗೆ ಸೇರಿಸಿ ಹಣ ಕೊಡಬೇಕೆಂದರೆ ಕೆಲವರಿಗೆ ಸಿಟ್ಟು ಬಂದೀತು. ನನ್ನ ಗದ್ದೆ ಮುಗಿಯಿತಲ್ಲ ಎನ್ನುವವರೂ ಉಂಟು. ಇಂದು ನಿಮ್ಮ ಗದ್ದೆಯಲ್ಲಿ ನೀರು ಕುಡಿದ ಬೇರಿಂಗ್ ನಾಳೆ ನೆರೆಯವರ ಗದ್ದೆಯಲ್ಲಿ ಒಡೆಯುತ್ತದೆ. ಅವರಲ್ಲಿ ಕುಡಿದದ್ದು ನಿಮ್ಮಲ್ಲಿ. ಕೃಷಿ ಯಂತ್ರಧಾರೆಯಂತಹ ಬಾಡಿಗೆ ಕೇಂದ್ರಗಳು ಪ್ರತಿ ರೋಟವೇಟರಿನೊಂದಿಗೂ ಒಂದು ಗ್ರೀಸ್ ಗನ್ ಕಳಿಸಿ, ಸಂಜೆ ಹಾಕಿದ್ದನ್ನು ಪುಸ್ತಕದಲ್ಲಿ ಬರೆಸುವುದು ಕಷ್ಟವೇನಲ್ಲ. ಯಂತ್ರ ಗೊತ್ತುಮಾಡುವಾಗ ಗನ್ ಜೊತೆಗಿದೆಯೇ ಎಂದು ಕೇಳಿಯೇ ಮುಂಗಡ ಕೊಡಿರಿ.