ಯಾವ ಕಪ್, ಸ್ವಾಮಿ?



ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಕ್ರೈಸ್ತ ಬದುಕಿನ ಪುಸ್ತಕಗಳೂ ಬೇಕಿಂಗ್ ಪುಸ್ತಕಗಳೂ ಅಂಗಡಿಯಲ್ಲಿ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಮೊದಲಿನವುಗಳಲ್ಲಿ ಹೆಚ್ಚಿನವು ಬರೀ ಉಪದೇಶ. ನನಗೆ ಹಿಡಿಸಿದ್ದು ಬ್ರದರ್ ಲಾರೆನ್ಸ್ ಅವರ ಪುಟ್ಟ ಪುಸ್ತಕ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದವರು ಅವರು. 1691ರಲ್ಲಿ ತೀರಿಕೊಂಡ ಮೇಲೆ ಅವರ ಮಾತು, ಪತ್ರಗಳನ್ನು ಬೇರೆಯವರು ಒಟ್ಟುಮಾಡಿದರು. ಪಾತ್ರೆಗಳ ಗದ್ದಲದಲ್ಲೂ ದೇವರ ನೆನಪು ಸಾಧ್ಯ ಎನ್ನುವ ಅವರ ಮಾತನ್ನು ಅಡುಗೆ ಮಾಡುವವರು ನಂಬಬಹುದು.

ಬೇಕಿಂಗ್ ಪುಸ್ತಕಗಳ ಮೇಲೆ ನನ್ನದು ಬೇರೆ ತಕರಾರು. ‘ಒಂದು ಕಪ್ ಮೈದಾ’ ಎಂದರೆ ಯಾವ ಕಪ್? ಸಡಿಲವಾಗಿ ತುಂಬಿದರೆ ಸುಮಾರು 120 ಗ್ರಾಂ, ಒತ್ತಿ ತುಂಬಿದರೆ 150. ಕೇಕ್ ಗಟ್ಟಿಯಾಗುವುದು ಇಲ್ಲೇ. ಪುಸ್ತಕ ಬರೆಯುವವರೇ, ದಯವಿಟ್ಟು ಗ್ರಾಂ ಲೆಕ್ಕ ಕೊಡಿ. ಓವನ್ ಇಲ್ಲದವರಿಗಾಗಿ, ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುವ ಹಳೆಯ ಕ್ರಮವನ್ನೂ ಬರೆಯಿರಿ.

– ಓದುಗರೊಬ್ಬರು, ಮಂಗಳೂರು